ಈಶ್ವರಮ್ಮನ ಮರಳಿನ ಚೀಲ

ಜೆ.ಪಿ. ನಗರದಲ್ಲಿ ಸಾಲುಸಾಲಾಗಿ ಮನೆಗಳು ಏಳುತ್ತಿದ್ದ ೧೯೭೯ನೇ ಇಸವಿ. ತಲಘಟ್ಟಪುರದ ಈಶ್ವರಮ್ಮ ಹದಿನಾರರ ವಯಸ್ಸಿನಿಂದ ಗಾರೆ ಹೊತ್ತವಳು. ತಲೆಯ ಮೇಲೆ ಸಿಂಬೆ, ಅದರ ಮೇಲೆ ತುಂಬಿದ ಬಾಂಡ್ಲಿ ಇಟ್ಟರೆ ಎರಡೂ ಕೈ ಬೀಸಿಕೊಂಡೇ ಗೋಡೆಗೆ ಕಟ್ಟಿದ ಸಾರ್ವೆ ಹತ್ತುತ್ತಿದ್ದಳು. ಆ ಮಾರ್ಚಿನಲ್ಲಿ ಸಾರ್ವೆಯ ಹಲಗೆ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಕತ್ತು ಉಳುಕಿತು. ಆಸ್ಪತ್ರೆಯಲ್ಲಿ ಆರು ವಾರಕ್ಕೆಂದು ಕತ್ತಿಗೆ ಪಟ್ಟಿ ಹಾಕಿದರು. ಬಿಚ್ಚಿದ ದಿನ ತಲೆ ನೆಟ್ಟಗೆ ನಿಲ್ಲದೆ ವಾಲಾಡಿತು.

ಸುಮ್ಮನೆ ಕೂರುವುದು ಆಕೆಗೆ ಗೊತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ಬೆಳಿಗ್ಗೆ ಕೂಲಿಹೆಂಗಸರನ್ನು ತುಂಬಿಕೊಂಡ ಲಾರಿ ಕನಕಪುರ ರಸ್ತೆಯಲ್ಲಿ ಹಾದುಹೋದರೆ, ಅದು ಮರೆಯಾಗುವವರೆಗೂ ರಸ್ತೆಬದಿಯಲ್ಲೇ ನಿಂತಿರುತ್ತಿದ್ದಳು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ಗಿರಿಜಾದೇವಿ ಅವಳನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ, ತಲೆ ಮಾತ್ರ ಅಂಚಿನಾಚೆ ಬರುವಂತೆ ಮಾಡಿದರು. ತಲೆಯ ಸುತ್ತ ಬಟ್ಟೆ ಬಿಗಿದು, ಅದಕ್ಕೆ ಪುಟ್ಟ ಮರಳಿನ ಚೀಲ ಇಳಿಬಿಟ್ಟರು.

"ನಿಧಾನಕ್ಕೆ ತಲೆ ಎತ್ತಿ, ನಿಧಾನಕ್ಕೆ ಇಳಿಸಿ. ಚೀಲ ಮನೆಗೆ ತಗೊಂಡ್ಹೋಗಿ, ದಿನಾ ಹತ್ತು ಸಲ ಸಾಕು. ಇದು ಅರ್ಧ ಕೇಜಿ. ಹದಿನೈದು ದಿನಕ್ಕೊಂದ್ಸಲ ಬನ್ನಿ, ಮರಳು ನಾನೇ ಜಾಸ್ತಿ ಮಾಡ್ತೀನಿ."

"ನಾನು ಇಪ್ಪತ್ತು ಕೇಜಿ ಹೊರ್ತಿದ್ದೋಳು, ಮೇಡಂ."

"ಆಗ ಹೊರ್ತಿದ್ರಿ. ಈಗ ಇದನ್ನ ಎತ್ತಿ ನೋಡೋಣ."

ಏಳನೇ ಸಲಕ್ಕೇ ಕತ್ತು ನಡುಗಿತು.

ಹದಿನೈದು ದಿನ ಕಾಯಲು ಆಕೆಗೆ ಆಗಲಿಲ್ಲ. ಗಂಡ ಹನುಮಯ್ಯ ತೋಟದ ಕೆಲಸಕ್ಕೆ ಹೋದದ್ದೇ ತಡ, ಚೀಲ ಬಿಚ್ಚಿ ಅದಕ್ಕೆ ಇನ್ನೆರಡು ಹಿಡಿ ಮರಳು ಸೇರಿಸಿದಳು. ಮಾರನೇ ದಿನ ಮತ್ತೆರಡು. ಐದನೇ ದಿನ ತಲೆ ಎತ್ತುವಾಗ ಕಿವಿಯ ಹಿಂದಿನಿಂದ ಹೆಗಲವರೆಗೆ ಚಳಕ್ ಎಂದಿತು. ಕತ್ತು ಒಂದೇ ಪಕ್ಕಕ್ಕೆ ನಿಂತುಬಿಟ್ಟಿತು.

ಗಿರಿಜಾದೇವಿ ಚೀಲವನ್ನು ಕೈಯಲ್ಲಿ ತೂಗಿ ನೋಡಿದರು. "ಒಂದು ತಿಂಗಳು ಹಿಂದಕ್ಕೆ ಹೋದ್ರಿ, ಈಶ್ವರಮ್ಮ" ಎಂದು ಹೆಚ್ಚಿನ ಮರಳನ್ನು ಹೊರಗೆ ಚೆಲ್ಲಿದರು.

ಈಶ್ವರಮ್ಮ ಬಸ್ಸಿನಲ್ಲಿ ಸೀಟಿದ್ದರೂ ನಿಂತುಕೊಂಡೇ ಮನೆಗೆ ಬಂದಳು. ಹನುಮಯ್ಯ ಚೀಲದ ಬಾಯಿಯನ್ನು ದಬ್ಬಳದಿಂದ ಹೊಲಿದುಬಿಟ್ಟ. "ಬಿಚ್ಚೋದಾದ್ರೆ ಆ ಮೇಡಂ ಬಿಚ್ಲಿ. ನೀನು ಕೈ ಹಾಕ್ಬೇಡ."

ಆಮೇಲೆ ದಿನಾ ಹತ್ತು ಸಲ, ಆಮೇಲೆ ಹನ್ನೆರಡು. ಗೌರಿಹಬ್ಬಕ್ಕೆ ಚೀಲ ಒಂದೂವರೆ ಕೇಜಿಯಾಯಿತು, ದಸರಾಕ್ಕೆ ಎರಡು. ಎತ್ತಿ ಮುಗಿಸಿದ ಕೂಡಲೇ ಎದ್ದು ಹಿತ್ತಲಿಗೊಮ್ಮೆ ಬೀದಿಗೊಮ್ಮೆ ಓಡಾಡುತ್ತಿದ್ದಳು.

ದಸರಾ ಕಳೆದ ಮೇಲೆ ಮೇಸ್ತ್ರಿ ಜಯದೇವಪ್ಪನ ಮುಂದೆ ಹೋಗಿ ನಿಂತಳು. ಆತ ಅವಳ ಕತ್ತನ್ನೇ ನೋಡಿ, "ಸದ್ಯಕ್ಕೆ ಗೋಡೆಗೆ ನೀರು ಹಾಕಮ್ಮ" ಎಂದ. ಎರಡು ದಿನ ಹಾಕಿದಳು. ಉಳಿದವರು ಬಾಂಡ್ಲಿ ಹೊತ್ತು ಹಾದುಹೋಗುವಾಗ ಅವಳ ಕೈಯ ಬಿಂದಿಗೆಯ ನೀರು ಎಲ್ಲೆಲ್ಲೋ ಬೀಳುತ್ತಿತ್ತು. ಮೂರನೇ ದಿನ ತಾರಸಿಗೆ ಕಾಂಕ್ರೀಟಿನ ಮೋಲ್ಡು ಹಾಕುವುದಿತ್ತು, ಆಳು ಕಡಿಮೆ ಬಂದಿದ್ದರು. ಯಾರನ್ನೂ ಕೇಳದೆ ಸಿಂಬೆ ಸುತ್ತಿ ಸಾಲಿನಲ್ಲಿ ನಿಂತಳು.

"ಆಯಮ್ಮಂಗೆ ಅರ್ಧ ಹಾಕ್ರೋ" ಎಂದ ಜಯದೇವಪ್ಪ.

ಅರ್ಧವನ್ನೇ ಹೊತ್ತಳು. ಮೊದಮೊದಲು ಎರಡೂ ಕೈಯಲ್ಲಿ ಬಾಂಡ್ಲಿ ಹಿಡಿದಿದ್ದಳು, ಮಧ್ಯಾಹ್ನದ ಹೊತ್ತಿಗೆ ಒಂದೇ ಕೈ. ಸಂಜೆ ಮೋಲ್ಡು ಮುಗಿದಾಗ ಜಯದೇವಪ್ಪ, "ನಾಳೆ ಬಂದ್ಬಿಡು" ಎಂದು ಬೇರೆ ಕೆಲಸಕ್ಕೆ ತಿರುಗಿದ.

ಮನೆಗೆ ಬಂದಾಗ ಹನುಮಯ್ಯ, "ನೋವೈತಾ?" ಎಂದು ಕೇಳಿದ.

"ಕಾಲು ನೋಯ್ತಾವೆ" ಎಂದಳು. "ಕತ್ತು ಏನೂ ಅಂತಿಲ್ಲ."