ಡಾಂಬರಿನ ಹದ ನೋಡಿದ ಪುಟ್ಟಪ್ಪ

ಜಡೆ ಊರಿನ ಪುಟ್ಟಪ್ಪನಿಗೆ ಗದ್ದೆಯಿತ್ತು, ಹೆಂಡತಿಯಿದ್ದಳು, ಒಂದು ಎಮ್ಮೆಯೂ ಇತ್ತು. ಆದರೆ ಅವನು ಜಂಬದಿಂದ ಹೇಳಿಕೊಳ್ಳುತ್ತಿದ್ದುದು ಒಂದನ್ನೇ: ಅವನು ಕಾವಲು ನಿಂತ ಒಲೆಯ ಮೇಲೆ ಯಾವ ಹಂಡೆಯೂ ಈವರೆಗೆ ಉಕ್ಕಿ ಚೆಲ್ಲಿರಲಿಲ್ಲ. ಸುಗ್ಗಿಯಲ್ಲಿ ಊರಿನ ಅರ್ಧ ಅಡಿಕೆ ಬೇಯುತ್ತಿದ್ದುದು ಅವನ ಕಣ್ಣೆದುರಿಗೇ. ಉಳಿದವರು ಅಡಿಕೆಯನ್ನು ಕಚ್ಚಿ, ಉಗುರಿನಿಂದ ಗೀರಿ ಹದ ನೋಡಿದರೆ ಪುಟ್ಟಪ್ಪ ಕಣ್ಣು ಮುಚ್ಚಿ ಹಬೆಯನ್ನು ಮೂಗಿಗೆಳೆದುಕೊಂಡು "ಇಳಿಸಿ" ಎನ್ನುತ್ತಿದ್ದ. ನೊರೆ ಮೇಲೇರಿ ಬಂದರೆ ಒಂದು ಬೊಗಸೆ ತಣ್ಣೀರು ಚಿಮುಕಿಸುವುದು, ನೊರೆ ಸೋತು ಕೂರುವುದು, ಆಮೇಲೆ ಸುತ್ತ ನಿಂತವರ ಮುಖವನ್ನು ಒಂದೊಂದಾಗಿ ನೋಡುವುದು.

"ಕುದಿಯೋದು ಯಾವ್ದೇ ಇರ್ಲಿ, ನನ್ನ ಮಾತು ಕೇಳ್ತದೆ," ಎನ್ನುತ್ತಿದ್ದ.

"ನಾನೂ ಇಷ್ಟು ವರ್ಷದಿಂದ ಕುದೀತಾನೇ ಇದೀನಿ, ಎಲ್ಲಿ ಕೇಳ್ದೆ?" ಎನ್ನುತ್ತಿದ್ದಳು ಹೆಂಡತಿ ಜಗದಾಂಬ.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ, ಪುಟ್ಟಪ್ಪ ವರ್ಷವರ್ಷವೂ ಅಡಿಕೆ ಬೇಯಿಸಿಕೊಡುತ್ತಿದ್ದ ಉಮಾಮಹೇಶ್ವರ ತನ್ನ ಸೋರುವ ತಾರಸಿಗೆ ಡಾಂಬರು ಶೀಟು ಹಾಸಲು ಶಿಕಾರಿಪುರದಿಂದ ಕೊಟ್ರೇಶನನ್ನು ಕರೆಸಿದ. ಅಂಥ ಸೆಕೆಯಲ್ಲೂ ಕೊಟ್ರೇಶ ತುಂಬುತೋಳಿನ ಅಂಗಿಗೆ ಕುತ್ತಿಗೆಯವರೆಗೆ ಗುಂಡಿ ಹಾಕಿ, ದಪ್ಪ ಕೈಗವಸು, ಬೂಟು ತೊಟ್ಟು, ಅಂಗಳದಾಚೆ ಡ್ರಮ್ಮಿನಲ್ಲಿ ಡಾಂಬರು ಕಾಯಿಸಲು ಇಟ್ಟ.

"ಎಂತ ಮಾರಾಯ, ಯುದ್ಧಕ್ಕೆ ಹೊರಟ್ಯನಾ?" ಎಂದ ಪುಟ್ಟಪ್ಪ. ಅವನನ್ನು ಯಾರೂ ಕರೆದಿರಲಿಲ್ಲ. ಒಲೆ ಹಚ್ಚಿದಲ್ಲಿಗೆ ಅವನನ್ನು ಕರೆಯಬೇಕಾಗಿಯೂ ಇರಲಿಲ್ಲ.

"ಹತ್ರ ಬರಬ್ಯಾಡ್ರೀ ಯಜಮಾನ್ರೇ. ನೀರಿನ ಕೊಡನೂ ಇತ್ತಾಗೆ ತರಬ್ಯಾಡ್ರಿ. ಕಾದ ಡಾಂಬರು ನೀರು ಕಂಡ್ರೆ ಸಿಡೀತೈತೆ."

ಶಿಷ್ಯನ ಮಾತನ್ನು ಗುರು ಕೇಳುವಂತೆ ಕೇಳಿಸಿಕೊಂಡ ಪುಟ್ಟಪ್ಪ, ಡ್ರಮ್ಮಿನ ಮೇಲೆ ಬಾಗಿ, ಕಣ್ಣು ಮುಚ್ಚಿ, ಹೊಗೆಯನ್ನು ಮೂಗಿಗೆಳೆದ. ಹದ ಸಿಗಲಿಲ್ಲ, ಕೆಮ್ಮು ಸಿಕ್ಕಿತು.

"ಮೂಗು ಹಿಂದಕ್ಕೆ ತಗೀರಿ! ಆ ಹೊಗೆ ಕುಡುದ್ರೆ ತಲೆ ತಿರುಗ್ತೈತೆ, ಎದೆ ಕಟ್ತೈತೆ. ಗಾಳಿ ಬೆನ್ನಿಗೆ ಬರೋ ಹಂಗೆ ನಿಲ್ಲಬೇಕ್ರೀ."

ಪುಟ್ಟಪ್ಪ ಕಣ್ಣೊರೆಸಿಕೊಂಡು, "ಇನ್ನೊಂಚೂರು ಬೇಯಬೇಕು," ಎಂದು ತೀರ್ಪು ಕೊಟ್ಟ.

ಕೊಟ್ರೇಶ ಶೀಟಿನ ಸುರುಳಿ ಕತ್ತರಿಸಲು ಅತ್ತ ತಿರುಗಿದ. ಡ್ರಮ್ಮಿನ ಅಂಚಿನಲ್ಲಿ ನಾಲ್ಕು ಗುಳ್ಳೆ ಎದ್ದವು. ಪುಟ್ಟಪ್ಪನ ಕೈ ಪುಟ್ಟಪ್ಪನನ್ನು ಕೇಳಲಿಲ್ಲ. ಚೆಂಬಿನಲ್ಲಿ ಕುಡಿಯಲು ಇಟ್ಟಿದ್ದ ನೀರನ್ನು ಬೊಗಸೆ ತುಂಬಿ ಚಿಮುಕಿಸಿಯೇಬಿಟ್ಟಿತು.

ಡಾಂಬರು ಬುಸ್ಸೆಂದು ಎದ್ದು ಎಲ್ಲ ಕಡೆಗೂ ಸಿಡಿಯಿತು. ಅವನ ಮುಂಗೈ, ಗಲ್ಲದ ಮೇಲೆ ಕಪ್ಪು ಹನಿಗಳು ಕೂತವು. ಉಳಿದದ್ದು ಅಂಚು ಮೀರಿ ಹರಿದು ಬೆಂಕಿ ಹಿಡಿಯಿತು. ಕೊಟ್ರೇಶ ಹಾರಿ ಬಂದು ಡ್ರಮ್ಮಿಗೆ ಮುಚ್ಚಳ ಬಡಿದ, ಬೆಂಕಿಗೆ ಮರಳು ಸುರಿದ, ಪುಟ್ಟಪ್ಪನನ್ನು ನಲ್ಲಿಯ ಹತ್ತಿರ ಎಳೆದೊಯ್ದು ಕೈಗೂ ಗಲ್ಲಕ್ಕೂ ನೀರು ಬಿಟ್ಟ.

"ನೀರು ಬೇಡ ಅಂದ್ಯಲ್ಲನಾ!" ನೋವಿನಲ್ಲೂ ಪುಟ್ಟಪ್ಪ ವಾದ ಬಿಡಲಿಲ್ಲ.

"ಬ್ಯಾಡ ಅಂದಿದ್ದು ಡ್ರಮ್ಮಿಗೆ! ಇದು ನಿಮ್ ಚರ್ಮ! ಅಲ್ಲಾಡಬ್ಯಾಡ್ರಿ, ಚೆನ್ನಾಗಿ ತಣ್ಣಗಾಗಲಿ."

ಗದ್ದಲ ಕೇಳಿ ಜಗದಾಂಬ, ಅಂಟಿದ ಡಾಂಬರು ಬಿಡಿಸಲು ಸೀಮೆಎಣ್ಣೆ ಬಾಟಲಿ ಹಿಡಿದು ಓಡಿಬಂದಳು. ಕೊಟ್ರೇಶ ಅದನ್ನು ಕಿತ್ತಿಟ್ಟ. "ಅಂಟಿದ್ದನ್ನ ಕೀಳಬ್ಯಾಡ್ರಕ್ಕಾ, ಚರ್ಮನೂ ಬರ್ತೈತೆ. ಡಾಕ್ಟ್ರೇ ತಗೀಬೇಕು."

ಸೊರಬದ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಉಮಾಮಹೇಶ್ವರ ಕೇಳಿದ, "ಹೇಗಾಯ್ತೋ?"

ಪುಟ್ಟಪ್ಪನಿಗೆ ಕೈಗಿಂತ ಹೆಚ್ಚು ಉರಿದದ್ದು ಆ ಪ್ರಶ್ನೆ. ಉಕ್ಕಿತು ಎಂದು ಬಾಯಿ ಬಿಟ್ಟರೆ ಮುಂದಿನ ಸುಗ್ಗಿಗೆ ಯಾರು ಕರೆದಾರು? "ಡ್ರಮ್ಮಿನ ಅಡೀಲಿ ತೂತಿತ್ತು ಕಾಣ್ತದೆ," ಎಂದ.

"ಹಂಗಾದ್ರೆ ಆ ಕೊಟ್ರೇಶನ್ನ ಇವತ್ತೇ ಬಸ್ ಹತ್ತಿಸ್ತೇನೆ."

ಪುಟ್ಟಪ್ಪ ರಸ್ತೆ ಬದಿಯ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಡಾಕ್ಟರು ವಾಗ್ದೇವಿ ಎಣ್ಣೆಯಲ್ಲಿ ನೆನೆಸಿದ ಹತ್ತಿಯಿಂದ ಡಾಂಬರನ್ನು ಮೆಲ್ಲಗೆ ಕರಗಿಸುತ್ತ ಕಥೆ ಕೇಳಿದರು. "ತೂತಿಂದ ಸೋರಿದ್ರೆ ಪಾದ ಸುಡಬೇಕಿತ್ತಲ್ರೀ? ನಿಮ್ಮದು ಗಲ್ಲ. ಸೋರಿದ್ದು ಮೇಲಕ್ಕೆ ಹಾರಿತಾ? ಕಣ್ಣಿಗೇನಾದ್ರೂ ಸಿಡಿದಿದೆಯಾ ಅಂತ ನಂಗೆ ಗೊತ್ತಾಗಬೇಕು. ನಡೆದದ್ದು ಹೇಳಿ."

ಬಾಗಿಲಾಚೆ ಬೆಂಚಿನ ಮೇಲಿದ್ದ ರೋಗಿಗಳು ನರಳುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಪುಟ್ಟಪ್ಪ ಜಗದಾಂಬಳನ್ನು ನೋಡಿದ. ಅವಳು ಸೂರು ನೋಡಿದಳು.

"ಉಕ್ತು," ಎಂದ. ಆ ಮಾತಿಗೆ ಅವನ ಬಾಯಿ ಹೊಸದು. "ನಾನೇ ನೀರು ಹಾಕ್ದೆ. ಅವ ಬೇಡ ಅಂದಿದ್ದ. ಅವನ ಡ್ರಮ್ಮಿಗೆ ತೂತೂ ಇಲ್ಲ, ಎಂತದೂ ಇಲ್ಲ."

"ಹಂಗಾದ್ರೆ ಕೊಟ್ರೇಶ ಕೆಲಸ ಮುಗಿಸ್ಲಿ," ಎಂದ ಪಕ್ಕದಲ್ಲೇ ನಿಂತಿದ್ದ ಉಮಾಮಹೇಶ್ವರ. "ನೀನು ಸುಗ್ಗಿಗೆ ಬರೋದು ತಪ್ಪಿಸಬೇಡ ಮಾರಾಯ," ಎಂದು ಪುಟ್ಟಪ್ಪನ ಹೆಗಲು ತಟ್ಟಿದ. "ಅಡಿಕೆ ನೀರಿಗೆ ಹೆದರೋದಿಲ್ಲ."

ಅಷ್ಟು ಸಾಕಾಯಿತು. ಪಟ್ಟಿ ಕಟ್ಟಿಸಿಕೊಂಡು ಹೊರಬರುವಷ್ಟರಲ್ಲಿ ಪುಟ್ಟಪ್ಪನ ಬೆನ್ನು ನೆಟ್ಟಗಾಗಿತ್ತು. ಬೆಂಚಿನವರತ್ತ ತಿರುಗಿ ಹೇಳಿದ, "ಕೇಳ್ರಪ್ಪ, ಕಾದ ಡಾಂಬರಿಗೆ ನೀರು ಹಾಕಿದ್ರೆ ಎಂತ ಆಗ್ತದೆ ಅಂತ ಈ ತಾಲ್ಲೂಕಲ್ಲಿ ಖುದ್ದು ಕಂಡವ ನಾನೊಬ್ಬನೇ. ಅನುಮಾನ ಇದ್ರೆ ನನ್ನ ಕೇಳಿ."

"ಕಾದ ಎಣ್ಣೆಗೆ ಹಾಕಿದ್ರೆ?" ಎಂದ ಮೂಲೆಯಲ್ಲಿದ್ದ ಮುದುಕ.

ಪುಟ್ಟಪ್ಪ ಗಂಭೀರವಾಗಿ ಯೋಚಿಸತೊಡಗಿದ. ಜಗದಾಂಬ ಅವನ ಸುಡದ ಕೈ ಹಿಡಿದು ಜೀಪಿನ ಕಡೆಗೆ ಎಳೆದಳು.