ಕರೆದರೆ ತಿರುಗದ ಮಗಳು

ಬೈಂಡಿಂಗ್ ಖಾನೆಯಲ್ಲಿ ಅವಳು ಹೊಲಿದ ಪುಸ್ತಕವನ್ನು ಮಾಲೀಕ ತಿರುಗಿಸಿಯೂ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ. ಮನೆಯಲ್ಲಿ ಮಾತ್ರ ಮಗಳಿಗೆ ಸ್ವೆಟರ್ ಹಾಕಬೇಕೋ ಬೇಡವೋ ಎಂಬುದಕ್ಕೂ ಅತ್ತೆಯ ಮುಖ ನೋಡುತ್ತಿದ್ದಳು.

ಇದ್ದವಳು ಒಬ್ಬಳೇ ಮಗಳು. ಎರಡು ತುಂಬಿದರೂ ಮಾತಿಲ್ಲ. ಕರೆದರೆ ತಿರುಗುವುದೂ ಇಲ್ಲ.

"ಅತ್ತೆ, ಇವಳಿಗೆ ಕಿವಿ ಕೇಳ್ಸುತ್ತೋ ಇಲ್ವೋ ಅಂತ ಭಯ ಆಗ್ತಿದೆ."

"ಕೇಳ್ಸದೆ ಏನು? ಒಂದೇ ಅಂತ ತಲೆ ಮೇಲೆ ಕೂರಿಸ್ಕೊಂಡಿದ್ದೀಯ. ಹಟ ಅದು."

ನಾಲ್ಕು ಹೆತ್ತವರಿಗೆ ಎದುರಾಡುವುದು ಹೇಗೆ? ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಅಕ್ಕ ಫೋನಿನಲ್ಲಿ ನಕ್ಕಳು: "ಅದು ಸೀನಿದ್ರೂ ನಿಂಗೆ ಜೀವ ಹೋಗುತ್ತೆ ಬಿಡು." ಲಸಿಕೆಗೆ ಹೋದಾಗ ಡಾಕ್ಟರು ಮಗುವಿನ ಎದುರಿಗೇ ಚಪ್ಪಾಳೆ ತಟ್ಟಿದರು. ಆಡುವ ಕೈಗಳನ್ನು ಮಗು ನೋಡಿತು. "ಚೆನ್ನಾಗೇ ಇದ್ದಾಳೆ," ಎಂದರು.

ಎಲ್ಲರೂ ಹೇಳುವಾಗ ತನ್ನದೇ ತಪ್ಪಿರಬೇಕು ಎಂದುಕೊಂಡಳು. ಒಂದು ಸಂಜೆ ಮಗು ನಲ್ಲಿ ತಿರುಗಿಸಿ ನೀರಾಡುತ್ತಿತ್ತು. ಮೂರು ಸಲ ಕೂಗಿದಳು. ನಾಲ್ಕನೆಯದಕ್ಕೆ ಬೆನ್ನ ಮೇಲೆ ಒಂದು ಬಿಟ್ಟಳು. ಮಗು ಅಳುವ ಮೊದಲು ಬೆರಗಾಗಿ ನೋಡಿತು. ಆಮೇಲೆ ಹೊಡೆಯುವುದು ರೂಢಿಯಾಯಿತು.

ಮಗಳಿಗೆ ನಾಲ್ಕಾದಾಗ ಒಂದು ದಿನ ಅತ್ತೆ ನೆಂಟರ ಮನೆಗೆ ಹೋಗಿದ್ದರು. ಅಂದು ಮಗುವನ್ನು ಕೆಲಸಕ್ಕೇ ಕರೆತಂದಳು. ಕಟಿಂಗ್ ಮೆಷಿನ್ನಿನ ಕಬ್ಬಿಣದ ಹಲಗೆ ಜಾರಿ ಧಡಾರನೆ ನೆಲಕ್ಕೆ ಬಿತ್ತು. ಎಲ್ಲರೂ ಹೌಹಾರಿದರು. ಬೆನ್ನು ಹಾಕಿ ಕುಳಿತಿದ್ದ ಮಗು ಕಾಗದ ಹರಿಯುತ್ತಲೇ ಇತ್ತು.

ರಟ್ಟು ಅಂಟಿಸುವ ಹಿರಿಯಳನ್ನು ಅಲ್ಲಿ ಎಲ್ಲರೂ ಅಂಟಕ್ಕ ಎನ್ನುತ್ತಿದ್ದರು. ಅವಳು ಎದ್ದು ಬಂದು ಮಗುವಿನ ಹಿಂದೆ ಡಬ್ಬ ಬಡಿದಳು. ಮತ್ತೊಮ್ಮೆ ಬಡಿದಳು.

"ಹಟ ಅಲ್ಲ ಕಣೇ ಇದು. ನಡಿ, ನಾನೂ ಬರ್ತೀನಿ."

ದೊಡ್ಡಾಸ್ಪತ್ರೆಯಲ್ಲಿ ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಕಾಗದದ ಮೇಲಿನ ಗೆರೆಗಳನ್ನು ತೋರಿಸಿದರು. "ಎರಡು ವರ್ಷ ಮುಂಚೆ ಬರಬೇಕಿತ್ತು. ಕಿವಿಗೆ ಮಷಿನ್ ಹಾಕೋಣ. ಮಾತು ಎಷ್ಟು ಬರುತ್ತೋ ಹೇಳೋಕಾಗಲ್ಲ."

ಸುದ್ದಿ ಕೇಳಿ ಅತ್ತೆ ಹಣೆ ಚಚ್ಚಿಕೊಂಡರು. "ಹೆತ್ತ ತಾಯಿ ನೀನು, ನಿಂಗೇ ಗೊತ್ತಾಗ್ಲಿಲ್ವೇನೇ?"

"ಗೊತ್ತಾಗಿತ್ತು," ಎಂದಳು. "ನಿಮಗೆ ಹೇಳಿದ್ದೆ."

ಈಗ ಸೋಮವಾರ ಸೋಮವಾರ ಮಗಳನ್ನು ಅದೇ ಆಸ್ಪತ್ರೆಯ ಮಾತಿನ ತರಗತಿಗೆ ಕರೆದೊಯ್ಯುತ್ತಾಳೆ. ಅಂದು ಖಾನೆಯಲ್ಲಿ ಅವಳ ಪಾಲಿನ ಹೊಲಿಗೆಯನ್ನು ಅಂಟಕ್ಕ ಮುಗಿಸಿಡುತ್ತಾಳೆ. ವರ್ಷವಾದರೂ ಬಂದಿರುವುದು ಎರಡೇ ಸದ್ದು. ಕಿವಿಯ ಮಷಿನ್ ಸರಿಪಡಿಸಲು ಅವಳು ಕೈ ಎತ್ತಿದರೆ ಮಗು ಇವತ್ತಿಗೂ ಕಣ್ಣು ಮುಚ್ಚಿ ಮುದುಡಿಕೊಳ್ಳುತ್ತದೆ.

ಮೊನ್ನೆ ತರಗತಿಯ ಹೊರಗಿನ ಬೆಂಚಿನಲ್ಲಿ ಹೊಸದಾಗಿ ಬಂದ ತಾಯಿಯೊಬ್ಬಳು ಕುಳಿತಿದ್ದಳು, ಮಡಿಲಲ್ಲಿ ಒಂದೂವರೆ ವರ್ಷದ ಕೂಸು.

"ನಂಗಿರೋದು ಇದೊಂದೇ. ಕರೆದ್ರೆ ತಿರುಗಲ್ಲ. ಮನೇಲಿ ಎಲ್ರೂ ನಂದು ಭ್ರಮೆ ಅಂತಾರೆ. ವಾಪಸ್ ಹೋಗ್ಲಾ ಅನ್ನಿಸ್ತಿದೆ."

"ಹೋಗ್ಬೇಡ," ಎಂದು ಇವಳು ಅವಳ ಚೀಲ ಎತ್ತಿಕೊಂಡಳು. "ಬಾ, ಕಿವಿ ಡಾಕ್ಟರ ಚೀಟಿ ಮಾಡಿಸೋದು ಆ ಕಡೆ."