ಮಂಚದಷ್ಟೇ ಅಗಲದ ಕೋಣೆ

ಕ್ಯಾಪ್ಸೂಲ್ ಹೋಟೆಲಿನಲ್ಲಿ ಮಲಗಿ ಬಂದ ನನ್ನ ತಂಗಿಯ ಮಗಳು ಅದರ ಫೋಟೋ ತೋರಿಸಿ, "ಇಂಥಾದ್ದು ನೀ ಎಲ್ಲೆ ನೋಡೀದಿ ಬಿಡು ಮಾಮಾ" ಅಂದಳು. ನನಗೆ ನಗು ಬಂತು. ಅವಳು ಹುಟ್ಟುವ ಮೊದಲೇ ನಾನು ಬೆಳಗಾವಿಯಲ್ಲಿ ಅಂಥದೊಂದು ಗೂಡಿನಲ್ಲಿ ಇದ್ದು ಬಂದವನು. ಅದಕ್ಕೆ ಆಗ ಕಾಟ್ ಲಾಡ್ಜು ಅನ್ನುತ್ತಿದ್ದರು. ಎ.ಸಿ. ಇರಲಿಲ್ಲ, ತಿಗಣೆ ಇದ್ದವು.

ಎಂಬತ್ತರ ದಶಕದ ಮಾತು. ನಮ್ಮದು ಖಾನಾಪುರದ ಹತ್ತಿರದ ಹಳ್ಳಿ. ಅಪ್ಪ ಒಕ್ಕಲುತನ ಮಾಡುತ್ತಿದ್ದರು, ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಅವ್ವನ ಹೊಟ್ಟೆಯಲ್ಲಿ ಗಡ್ಡೆಯಾಗಿ ಬೆಳಗಾವಿಯ ನೆಹರು ನಗರದ ದವಾಖಾನೆಗೆ ಸೇರಿಸಿದ್ದೆವು. ಮರುದಿನ ಬೆಳಿಗ್ಗೆ ಆಪರೇಶನ್. ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿರಲಿಲ್ಲ, ಹಾಗಾಗಿ ಚಿಕ್ಕಮ್ಮ ಉಳಿದಳು. ನಾವು ಹೊರಡುವಾಗ ಅವ್ವ ಅಪ್ಪನ ಕೈ ಹಿಡಿದಳು.

"ನಾಳೆ ಇಬ್ರೂ ಲಿಂಗಪೂಜಿ ತಪ್ಪಸಬ್ಯಾಡ್ರಿ. ನನ್ನ ಕೈಲೆ ಆಗೂದಿಲ್ಲ. ನೀವು ಮಾಡಿದ್ರ ನನಗ ಧೈರ್ಯ."

ನನ್ನ ಕೊರಳಲ್ಲಿ ಲಿಂಗ ಇರದೆ ಎರಡು ವರ್ಷವಾಗಿತ್ತು. ದೊಡ್ಡ ವಿಚಾರವಾದಿಯಾಗಿ ಬಿಟ್ಟದ್ದೇನಲ್ಲ. ಶಿವದಾರ ಹರಿಯಿತು, ಹೊಸದು ತಂದು ಕಟ್ಟಿಕೊಂಡರಾಯಿತೆಂದು ಲಿಂಗವನ್ನು ಟ್ರಂಕಿನಲ್ಲಿಟ್ಟೆ, ಅದು ಅಲ್ಲೇ ಉಳಿಯಿತು. ಶುದ್ಧ ಮೈಗಳ್ಳತನ. ರಜೆಗೆ ಊರಿಗೆ ಹೋದಾಗ ಬಚ್ಚಲಿನಿಂದ ಬನಿಯನ್ ಹಾಕಿಕೊಂಡೇ ಹೊರಬರುತ್ತಿದ್ದೆ. ಆಮೇಲೆ ದೇವರ ಕೋಣೆಯ ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಹಣೆಗೆ ವಿಭೂತಿ ಬಳಿದುಕೊಂಡು ಎದ್ದು ಬರುತ್ತಿದ್ದೆ. ದೊಡ್ಡ ಮನೆಯಲ್ಲಿ ಸುಳ್ಳಿಗೂ ಜಾಗ ಇರುತ್ತದೆ. ಯಾರಿಗೂ ಅನುಮಾನ ಬಂದಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಮ್ಯಾನೇಜರ "ಒಬ್ರೋ ಇಬ್ರೋ?" ಎಂದು ಕೇಳಿದ. ಒಬ್ಬರ ಹೆಸರು ಬರೆಸಿ ಇಬ್ಬರು ನುಸುಳುವುದು ಅಲ್ಲಿ ಮಾಮೂಲು. ಅಪ್ಪ "ಇಬ್ರದೀವ್ರಿ" ಅಂದರು. ಅವರ ಬಾಯಿಗೆ ಸುಳ್ಳು ಬರುತ್ತಲೇ ಇರಲಿಲ್ಲ. ನಮಗೆ ಮೇಲೊಂದು ಕೆಳಗೊಂದು ಮಂಚ ಸಿಕ್ಕವು. ಒಂದು ದೊಡ್ಡ ಹಾಲನ್ನು ಪ್ಲೈವುಡ್ಡಿನಿಂದ ಸೀಳಿ ಗೂಡು ಮಾಡಿದ್ದರು. ಬಾಗಿಲಿಗೆ ಪರದೆ. ಮಂಚದ ಪಕ್ಕದಲ್ಲಿ ಒಬ್ಬರು ಮೈ ಓರೆ ಮಾಡಿ ನಿಲ್ಲಬಹುದು. ಮೇಲಿನ ಮಂಚದಲ್ಲಿ ಎದ್ದು ಕೂತರೆ ತಲೆ ಮಾಡಿಗೆ ಬಡಿಯುತ್ತಿತ್ತು. ಬಾಜೂ ಗೂಡಿನವನು ಸೀನಿದರೆ ನಮ್ಮ ಹಲಗೆ ನಡುಗುತ್ತಿತ್ತು.

ಬೆಳಿಗ್ಗೆ ಹಿತ್ತಲ ನಳಕ್ಕೆ ಸ್ನಾನದ ಪಾಳಿ. ಅಪ್ಪ ಮೊದಲು ಮುಗಿಸಿ ಹೋದರು. ನನ್ನ ಪಾಳಿ ಬಂದಾಗ ಗಡಿಬಿಡಿಯಲ್ಲಿ ಬನಿಯನ್ನೂ ಅಂಗಿಯೂ ನೀರಿಗೆ ಬಿದ್ದವು. ಟವೆಲ್ ಹೊದ್ದು ಬಂದು ನೋಡಿದರೆ ಅಪ್ಪ ಕೆಳಗಿನ ಮಂಚದ ಮೇಲೆ ಕೂತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಇದೇ ಹೊತ್ತು ಅಂದುಕೊಂಡು ಅವರ ಮೊಣಕಾಲಿಗೆ ತಾಗುವಂತೆ ನಿಂತು, ಟವೆಲ್ ತೆಗೆದು, ಮೇಲಿನ ಮಂಚದ ಚೀಲದಿಂದ ಬೇರೆ ಅಂಗಿ ಎಳೆಯತೊಡಗಿದೆ. ಒದ್ದೆ ಕೂದಲಿನ ಹನಿ ಅವರ ಕೈಮೇಲೆ ಬಿತ್ತೇನೋ, ಕಣ್ಣು ತೆರೆದರು. ನನ್ನ ಬರಿ ಎದೆ ಅವರ ಮುಖದ ಮುಂದೆಯೇ ಇತ್ತು. ನೋಡಿದರು. ಮತ್ತೆ ಕಣ್ಣು ಮುಚ್ಚಿ, ಎಂದಿಗಿಂತ ಬಹಳ ಹೊತ್ತು ಕೂತರು. ನಾಲ್ಕು ಬೈದಿದ್ದರೆ ಚಲೋ ಇತ್ತು.

ದವಾಖಾನೆಯ ದಾರಿಯುದ್ದಕ್ಕೂ ಅಪ್ಪ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಅಲ್ಲಿ ಅವ್ವನನ್ನು ಆಗಲೇ ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ನಮ್ಮನ್ನು ಕಂಡವಳೇ ಕೇಳಿದಳು, "ಪೂಜಾ ಆತೇನ್ರಿ? ಇಬ್ರದೂ?"

ಅಪ್ಪ ಈಗ ಹೇಳಿಯೇಬಿಡುತ್ತಾರೆ ಎಂದು ನಾನು ನೆಲ ನೋಡಿದೆ.

"ಆತು. ಇಬ್ರೂ ಕೂಡೇ ಮಾಡಿದ್ವಿ," ಅಂದರು ಅಪ್ಪ.

"ಹಂಗಾದ್ರ ನನಗೇನೂ ಅಂಜಿಕಿಲ್ಲ." ಅವಳನ್ನು ಒಳಗೆ ತಳ್ಳಿಕೊಂಡು ಹೋದರು.

ಮಧ್ಯಾಹ್ನದ ಹೊತ್ತಿಗೆ ಆಪರೇಶನ್ ಚಲೋ ಆಯಿತೆಂದು ನರ್ಸ್ ಬಂದು ಹೇಳಿದಳು. ನಾನು ಓಡಿಹೋಗಿ ಚಹಾ ತಂದೆ. ಬೆಳಿಗ್ಗೆಯಿಂದ ಅಪ್ಪನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವರು ಕಪ್ಪು ಮುಟ್ಟಲಿಲ್ಲ.

"ನೀ ಕುಡಿ ತಮ್ಮಾ," ಅಂದರು. "ಸುಳ್ಳಾಡಿದ ಬಾಯಾಗ ಇವತ್ತ ಏನೂ ಇಳಿಯೂದಿಲ್ಲ."

ಎರಡು ವರ್ಷ ಅದೇ ಸುಳ್ಳಾಡುತ್ತ ನಾನು ಮೂರೂ ಹೊತ್ತು ಹೊಟ್ಟೆ ತುಂಬ ಉಂಡಿದ್ದೆ.